ಹಿಂದಕ್ಕೆ ಮೂರು ಹೆಜ್ಜೆ

ನಾನು ನಕಲು ಮಾಡುವವಳು. ಅಷ್ಟೇ ನನ್ನ ಕೆಲಸ.
ಅವನು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ಬಿಡಿಸಿ
ಪಿಟೀಲಿನವರಿಗೊಂದು, ಕೊಳಲಿನವರಿಗೊಂದು, ಕಹಳೆಯವರಿಗೊಂದು
ಹಾಳೆ ಹಂಚಬೇಕು, ಬೆಳಗಿನ ಒಂಬತ್ತರೊಳಗೆ.
ರೋಮಿನ ಆ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷ
ನನ್ನ ಬಲಗೈ ನಡುಬೆರಳು ನೀಲಿಯಾಗಿಯೇ ಇತ್ತು.

ಎರ್ಮೆತೆ ಸವೊಲ್ದಿ ಎಂದರೆ ಯಾರಿಗೂ ಗೊತ್ತಿಲ್ಲ.
ಗಂಬೆರೊ ಎನ್ನಿ, ಸಾಕು,
ಮೀನಂಗಡಿಯವನೂ ಏಪ್ರನ್ನಿಗೆ ಕೈ ಒರೆಸಿಕೊಂಡು
ಹಿಂದಕ್ಕೆ ಮೂರು ಹೆಜ್ಜೆ ಹಾಕಿ, ಮೊಣಕಾಲು ಮಡಿಸಿ,
ಚಿಟಿಕೆ ಹೊಡೆದು ತೋರಿಸುತ್ತಾನೆ.

ಗಂಬೆರೊ ಎಂದರೆ ಸೀಗಡಿ. ಹೆದರಿದರೆ ಹಿಮ್ಮುಖ ಈಜುತ್ತದೆ.
ಅರವತ್ತೆರಡರ ಬೇಸಿಗೆ, ರಿಮಿನಿಯ ಕಡಲ ಮರಳಲ್ಲಿ
ಇಡೀ ದೇಶ ಹಿಂದಕ್ಕೆ ನಡೆಯಿತು:
ಗುಮಾಸ್ತರು, ದಾದಿಯರು, ಐಸ್‌ಕ್ರೀಮು ಸೋರುವ ಮಕ್ಕಳು,
ಒಬ್ಬ ಪಾದ್ರಿ ಕೂಡ, ನಿಲುವಂಗಿ ಎತ್ತಿ ಹಿಡಿದು.
ಆ ಫೋಟೋ ಪತ್ರಿಕೆಯಲ್ಲಿ ಬಂದು
ಅವನನ್ನು ಬೆಟ್ಟದ ಮೇಲಿನ ಚರ್ಚಿಗೆ ಎತ್ತಂಗಡಿ ಮಾಡಿದರು.
ಜ್ಯೂಕ್‌ಬಾಕ್ಸಿಗೆ ನಾಣ್ಯ ಹಾಕಿ ಹಾಕಿ ನನ್ನ ಅಕ್ಕ
ಬಸ್ಸಿನ ದುಡ್ಡು ಕಳೆದು ಮನೆಗೆ ನಡೆದೇ ಬಂದಳು.
ಚಳಿಗಾಲಕ್ಕೆ ಬೇರೊಂದು ಕುಣಿತ ಬಂತು. ಸೀಗಡಿ ಸತ್ತಿತು.

ಆಮೇಲೆ ಅವನದು ಬರೀ ಸಿನಿಮಾ.
ಕೊಲೆಗಾರನ ಕೈಗವಸಿಗೆ ನಾಲ್ಕು ಸ್ವರ,
ಬಾಡಿಗೆ ಕುದುರೆಗಳ ಓಟಕ್ಕೆ ಎರಡು ಡ್ರಮ್ಮು,
ವಿಧವೆ ಕಿಟಕಿ ಮುಚ್ಚಲು ಹದಿನೇಳು ಸೆಕೆಂಡು;
ಹದಿನೆಂಟಾದರೆ ನಿರ್ದೇಶಕ ಕಿರುಚುತ್ತಿದ್ದ.
ಕೊರಳಲ್ಲಿ ಸ್ಟಾಪ್‌ವಾಚು, ತಾಯಿತದ ಹಾಗೆ.
ತೊಂಬತ್ತೊಂದು ಚಿತ್ರ. ಪೋಸ್ಟರಿನಲ್ಲಿ ಅವನ ಹೆಸರು
ಮುದ್ರಣಾಲಯದ ವಿಳಾಸಕ್ಕಿಂತ ಒಂದು ಗೆರೆ ಮೇಲೆ.
ಆದರೂ ಪ್ರತಿ ಔತಣದಲ್ಲಿ ಯಾರೋ ಪಿಯಾನೊ ತೆರೆದು
"ಮಾಯೆಸ್ತ್ರೊ, ಆ ಸೀಗಡಿ!" ಎನ್ನುತ್ತಿದ್ದರು.
ಅವನು ಟೋಪಿ ಹುಡುಕುತ್ತಿದ್ದ.

ಎಪ್ಪತ್ತನಾಲ್ಕರ ನವೆಂಬರು, ಕರೆಂಟಿಲ್ಲದ ಸಂಜೆ.
ಮಗು ನೀರಿಗೆ ಬಿದ್ದ ದೃಶ್ಯದ ಹಾಳೆ
(ಎಷ್ಟು ಜನ ಅತ್ತರು ಆಮೇಲೆ, ಅದನ್ನು ಕೇಳಿ)
ಶಾಯಿ ಆರಿದೆಯೇ ಎಂದು ಮೇಣದಬತ್ತಿಗೆ ಹಿಡಿದೆ.
ಕಾಗದ ತೆಳು. ಹಿಂಬದಿ ನನ್ನ ಕಡೆಗಿತ್ತು.
ಸ್ವರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು.
ಹಾಗೇ ಎಡದಿಂದ ಓದಿಕೊಂಡೆ, ಸುಮ್ಮನೆ, ಬಾಯೊಳಗೇ.
ಅರ್ಧ ದಾಟುವಾಗ ಮೇಜಿನಡಿ ನನ್ನ ಕಾಲು
ಹಿಂದಕ್ಕೆ ಸರಿಯಿತು. ಒಂದು. ಎರಡು. ಮೂರು.
ಕಾಲಿಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ.

ಹಳೆಯ ಹಾಳೆಗಳ ಕಪಾಟು ತೆಗೆದೆ. ಬತ್ತಿ ಮುಗಿಯುವ ತನಕ
ಒಂದೊಂದನ್ನೂ ತಿರುಗಿಸಿ ಹಿಡಿದೆ.
ವಿಧವೆಯ ಕಿಟಕಿಯಲ್ಲಿ ಸೀಗಡಿ.
ನೇಣುಗಂಬದಡಿ ಸೀಗಡಿ, ನಿಧಾನಕ್ಕೆ, ಸೆಲ್ಲೋದಲ್ಲಿ.
ಕೈಗವಸಿನಲ್ಲಿ ಮಾತ್ರ ಇರಲಿಲ್ಲ;
ನಾಲ್ಕೇ ಸ್ವರದಲ್ಲಿ ಎಲ್ಲಿ ಅಡಗೀತು ಪಾಪ.

ಮರುದಿನ ಹೇಳಿದೆ. ಅವನು ಪೆನ್ಸಿಲು ಹೆರೆಯುತ್ತಲೇ ಇದ್ದ.
"ಹೆಜ್ಜೆ ನನ್ನದಲ್ಲ," ಎಂದ. "ತುಲ್ಲಿಯೊನದು.
ಹೋಟೆಲಿನಲ್ಲಿ ಬಡಿಸುವ ಹುಡುಗ. ಎರಡೂ ಕೈಲಿ ತಟ್ಟೆ,
ಬಾಗಿಲನ್ನು ಬೆನ್ನಿನಿಂದ ತಳ್ಳಿ ಬರುತ್ತಿದ್ದ.
ಅದನ್ನು ನೋಡಿ ನಾನು ತಾಳ ಬರೆದದ್ದು."
ರೆಕಾರ್ಡಿನ ಮೇಲೆ ಆ ಹೆಸರು ನಾನು ಕಂಡಿರಲಿಲ್ಲ.
"ಆಮೇಲೆ?" ಎಂದೆ.
ಅವನು ಸ್ಟಾಪ್‌ವಾಚು ಒತ್ತಿದ. ಮುಳ್ಳು ಒಂದು ಸುತ್ತು ಬಂತು.
"ನಿನ್ನ ಶಾಯಿ ಹರಡುತ್ತಿದೆ," ಎಂದ, "ಬೇರೆ ತರಿಸು."

ಮೊನ್ನೆ ಅಕ್ಕನ ಮೊಮ್ಮಗಳ ಮದುವೆ, ಓಸ್ತಿಯಾದಲ್ಲಿ.
ಕೇಕು ಕತ್ತರಿಸಿದ ಮೇಲೆ ಹಳೆಯ ಕುಣಿತಗಳ ಸರದಿ.
ಅದೂ ಬಂತು. ಹರೆಯದವರೆಲ್ಲ ನಗುತ್ತ, ಒಬ್ಬರಿಗೊಬ್ಬರು
ಡಿಕ್ಕಿ ಹೊಡೆಯುತ್ತ ಹಿಂದಕ್ಕೆ, ಹಿಂದಕ್ಕೆ.
ಆಗಲೇ ಅಡುಗೆಮನೆಯ ಬಾಗಿಲು ತೆರೆಯಿತು.
ಎರಡೂ ಕೈಯಲ್ಲಿ ತಟ್ಟೆ ಹೊತ್ತ ಹುಡುಗನೊಬ್ಬ
ನಮಗೆ ಬೆನ್ನು ಹಾಕಿ ಒಳಗೆ ಬಂದ,
ಕೆಲಸದ ಅವಸರದಲ್ಲಿ, ಹಾಡು ಕೇಳಿಸಿಕೊಳ್ಳದೆ,
ತಾಳ ಒಂದೂ ತಪ್ಪದೆ.

ಕೇಕು ತುಂಬ ಸಿಹಿಯಾಯಿತೇ ಎಂದು
ಯಾರೋ ನನಗೆ ನೀರು ತಂದುಕೊಟ್ಟರು.